ಕರೆಂಟ್ ಹೋದ ರಾತ್ರಿಯ ಆಕಾಶ

ಮಾರ್ಚ್‌ನಲ್ಲಿ ಕೆಲವು ದಿನ, ಮತ್ತೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಕೆಲವು ದಿನ, ಹಗಲು ಹೊತ್ತಿನಲ್ಲಿ ಟಿವಿ ಚಿತ್ರ ಚೌಕಚೌಕವಾಗಿ ಒಡೆದು ಐದಾರು ನಿಮಿಷ ನಿಂತುಹೋಗುವುದುಂಟು. ಬೈಗುಳವೆಲ್ಲ ಕೇಬಲ್‌ನವನಿಗೆ. ನಿಜವಾದ ಕಳ್ಳ ಸೂರ್ಯ. ಆ ಹೊತ್ತಿಗೆ ಸರಿಯಾಗಿ ಉಪಗ್ರಹದ ಬೆನ್ನಿಗೆ ಬಂದು ನಿಂತಿರುತ್ತಾನೆ. ಅವನ ರೇಡಿಯೊ ಗದ್ದಲದಲ್ಲಿ ಉಪಗ್ರಹದ ದನಿ ಮುಳುಗುತ್ತದೆ. 1982ರಿಂದ ಉಪಗ್ರಹಗಳನ್ನು ಕಾಯುತ್ತಿರುವ ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಂಥ (ಎಂಸಿಎಫ್) ಕೇಂದ್ರಗಳಿಗೆ ಇದು ಕಿರಿಕಿರಿ. ರೇಡಿಯೊ ಖಗೋಳದ ಹುಚ್ಚು ಹತ್ತಿದವರಿಗೆ ಅದೇ ಹಬ್ಬ.

ಈ ಹುಚ್ಚು ದುಬಾರಿಯದಲ್ಲ. ಗುಜರಿಗೆ ಹಾಕಿದ ಡಿಶ್ ಛತ್ರಿ, ಅದನ್ನು ಕೂರಿಸುವ ಹುಡುಗರು ಬಳಸುವ ಕೀಂಗುಡುವ ಮೀಟರ್, ಇವೆರಡಿದ್ದರೆ ಸೂರ್ಯನತ್ತ ತಿರುಗಿಸಿದಾಗ ಸದ್ದು ಏರುವುದನ್ನು ಕೇಳಬಹುದು. ಮುಂದಿನ ಮೆಟ್ಟಿಲು ಆಕಾಶಗಂಗೆಯ ಹೈಡ್ರೋಜನ್. ಅದು 1420.4 ಮೆಗಾಹರ್ಟ್ಸ್‌ನಲ್ಲಿ, 21 ಸೆಂ.ಮೀ. ಅಲೆಯಾಗಿ ಬರುತ್ತದೆ. ಹದಿನೈದು ಕೆ.ಜಿ.ಯ ಎಣ್ಣೆ ಡಬ್ಬದೊಳಗೆ ಸುಮಾರು 5 ಸೆಂ.ಮೀ. ತಾಮ್ರದ ತಂತಿ ನಿಲ್ಲಿಸಿ, ಡಬ್ಬದ ಬಾಯಿಗೆ ತಗಡಿನ ಕಹಳೆ ಕೂರಿಸಿ, ಹಿಂದೆ ಫಿಲ್ಟರ್ ಇರುವ ಆಂಪ್ಲಿಫೈಯರ್, ರೇಡಿಯೊ ಅಲೆಯನ್ನು ಕಂಪ್ಯೂಟರಿಗೆ ಉಣಿಸುವ ಒಂದು ಎಸ್‌ಡಿಆರ್ ಡಾಂಗಲ್, ಲ್ಯಾಪ್‌ಟಾಪ್ ಜೋಡಿಸಿದರೆ ಆಯಿತು. 1951ರಲ್ಲಿ ಹಾರ್ವರ್ಡ್‌ನಲ್ಲಿ ಈವೆನ್ ಮತ್ತು ಪರ್ಸೆಲ್ ಈ ದನಿಯನ್ನು ಮೊದಲು ಹಿಡಿದದ್ದೂ ಕಿಟಕಿಯಾಚೆ ಚಾಚಿದ ಇಂಥದ್ದೇ ಕಹಳೆಯಿಂದ. ಹುಡುಗರು ಅದರೊಳಕ್ಕೆ ಹಿಮದುಂಡೆ ಎಸೆಯುತ್ತಿದ್ದರಂತೆ. ನಮ್ಮ ತಾರಸಿಯಲ್ಲಿ ಆ ಕೆಲಸಕ್ಕೆ ಕೋತಿಗಳಿವೆ.

ಕಟ್ಟುವುದು ಸುಲಭ. ರೇಡಿಯೊ ಸದ್ದಿಲ್ಲದ ಜಾಗ ಸಿಗುವುದೇ ಕಷ್ಟ.

ಮೊದಲ ರಾತ್ರಿಯೇ ನನ್ನ ಪರದೆಯ ಮೇಲೆ ಗೆರೆಯೊಂದು ಗೋಪುರದಂತೆ ಎದ್ದಿತು. ಸಂಭ್ರಮಕ್ಕೆ ಸ್ನೇಹಿತನಿಗೆ ಫೋನನ್ನೂ ಮಾಡಿಬಿಟ್ಟೆ. ಆದರೆ ಆಕಾಶದ್ದಾದರೆ ಅದು ದಿನಕ್ಕೆ ನಾಲ್ಕು ನಿಮಿಷ ಮೊದಲೇ ಬರಬೇಕು. ಕಹಳೆ ತಿರುಗಿಸಿದರೆ ಏರಿಳಿಯಬೇಕು. ಅನಿಲ ನಮ್ಮತ್ತ ಬರುತ್ತಿದೆಯೋ ದೂರ ಹೋಗುತ್ತಿದೆಯೋ ಎಂಬುದಕ್ಕೆ ತಕ್ಕಂತೆ ತುಸು ಅತ್ತಿತ್ತ ಸರಿಯಬೇಕು. ನನ್ನ ಗೋಪುರ ಮೂರು ದಿನ ಅಲ್ಲಾಡಲಿಲ್ಲ. ಕೊನೆಗೆ ಸಿಕ್ಕಿದ್ದು ಕೊಟ್ಟಿಗೆಗೆ ಹಾಕಿಸಿದ್ದ ಸಿಸಿಟಿವಿ ಪೆಟ್ಟಿಗೆ.

ಗುರುಗ್ರಹದ ಸದ್ದು ಕೇಳಲು 20 ಮೆಗಾಹರ್ಟ್ಸ್ ಆಸುಪಾಸಿಗೆ ಇಳಿದರಂತೂ ಫಜೀತಿ. ಹಾಸನ ಪೇಟೆಯಲ್ಲಿ ಅಗ್ಗದ ಎಲ್‌ಇಡಿ ಬಲ್ಬು, ಇನ್ವರ್ಟರ್‌ಗಳ ಕರಕರ. ಚನ್ನರಾಯಪಟ್ಟಣದ ತೆಂಗಿನ ತೋಟಗಳಲ್ಲಿ, ಹೊಳೆನರಸೀಪುರದ ಗದ್ದೆ ಬಯಲಲ್ಲಿ ತ್ರೀಫೇಸ್ ಬಂದದ್ದೇ ತಡ ಪಂಪ್ ಸ್ಟಾರ್ಟರ್‌ಗಳ ಚಟಾರ್. ಅರಕಲಗೂಡಿನ ಅಂಚಿಗೆ ಹೋದರೆ ಶಾಂತಿ ಎಂದುಕೊಂಡರೆ, ಅಲ್ಲಿ ಆನೆ ತಡೆಯುವ ಸೋಲಾರ್ ಬೇಲಿ. ಸೆಕೆಂಡಿಗೊಂದರಂತೆ ಟಕ್, ಟಕ್. ಆನೆಗೆ ಹಾಕಿದ ಬೇಲಿ, ಸಿಕ್ಕಿಬಿದ್ದದ್ದು ಗುರು.

ದೊಡ್ಡವರದ್ದೂ ಇದೇ ಪಾಡು. ಗೌರಿಬಿದನೂರಿನಲ್ಲಿ 34.5 ಮೆಗಾಹರ್ಟ್ಸ್ ಕೇಳಲು ಸಾವಿರ ಡೈಪೋಲ್ ಆಂಟೆನಾಗಳನ್ನು ಇಂಗ್ಲಿಷಿನ ಟಿ ಆಕಾರದಲ್ಲಿ ನಿಲ್ಲಿಸಿದ್ದು ಬೆಂಗಳೂರಿನ ಗದ್ದಲದಿಂದ ದೂರ, ಬಯಲಿನಲ್ಲಿ. ಮೊದಲ ನಕ್ಷತ್ರಗಳ ಕಾಲದ ಸುಳಿವು ಹುಡುಕುವ ‘ಸರಸ್-3’ ಉಪಕರಣವನ್ನು ರಾಮನ್ ಸಂಶೋಧನಾ ಸಂಸ್ಥೆಯವರು 2020ರಲ್ಲಿ ನೀರಿಗೇ ಇಳಿಸಿದರು: ದಂಡಿಗಾನಹಳ್ಳಿ ಕೆರೆಯಲ್ಲಿ, ಶರಾವತಿ ಹಿನ್ನೀರಿನಲ್ಲಿ, ತೆಪ್ಪದ ಮೇಲೆ. ನೆಲದ ಕಲ್ಲುಮಣ್ಣಿನ ಏರುಪೇರು ಅಳತೆಯನ್ನು ಕೆಡಿಸುತ್ತದೆ. ನೀರು ಒಂದೇ ಸಮ. ಅಮೆರಿಕದ ತಂಡವೊಂದು 2018ರಲ್ಲಿ ಕಂಡೆವೆಂದಿದ್ದ ಸಂಕೇತ ತಮಗೆ ಕಾಣಲಿಲ್ಲವೆಂದು 2022ರಲ್ಲಿ ಅವರು ಪ್ರಕಟಿಸಿದರು. ಅಂದಿನಿಂದ ಗೊರೂರು ಹಿನ್ನೀರು ಕಂಡಾಗಲೆಲ್ಲ ನನಗೆ ತೆಪ್ಪದ ಆಸೆ.

ಸದ್ಯಕ್ಕೆ ತಾರಸಿಯೇ ಗತಿ. ರಾತ್ರಿ ಎಂಟೂವರೆಗೆ ಕರೆಂಟ್ ಹೋಗುತ್ತದೆ. ಬೀದಿಯೆಲ್ಲ ಲೈನ್‌ಮನ್‌ಗೆ ಫೋನ್ ಹಚ್ಚುವಾಗ ನಾನು ಮೆಟ್ಟಿಲು ಹತ್ತುತ್ತೇನೆ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿದೆ. ಪರದೆಯ ಮೇಲಿನ ಗದ್ದಲದ ಮುಳ್ಳುಬೇಲಿ ಮಲಗಿ, ನಡುವೆ ಇರುವೆಗೂಡಿನಷ್ಟು ಸಣ್ಣ ಉಬ್ಬು ಮೆಲ್ಲಗೆ ಮೂಡುತ್ತದೆ. ಇನ್ನೂ ಹತ್ತು ನಿಮಿಷ ಸಿಕ್ಕರೆ ಸಾಕು ಎನ್ನುವಷ್ಟರಲ್ಲಿ ಕೆಳಗಿನಿಂದ ಅಮ್ಮನ ಕೂಗು: “ಕರೆಂಟ್ ಬಂತು ಕಣೋ, ಊಟಕ್ಕೆ ಇಳಿದು ಬಾ.”