ನಲ್ಲಿ ಮೂಳೆಯ ಒಳಗೂ ತುದಿಯಲ್ಲೂ

ಕಾಲುಸೂಪಿಗೆಂದು ತಂದ ಹಸಿ ಮೂಳೆಯ ತುದಿಯನ್ನು ಉಗುರಿನಿಂದ ಕೆರೆದು ನೋಡಿ. ಒದ್ದೆ ಪಿಂಗಾಣಿಯಂತೆ ಜಾರುವ, ನಸುನೀಲಿ ಬಿಳುಪಿನ ಆ ಪದರವೇ ಮೃದ್ವಸ್ಥಿ. ‘ಮಂಡಿ ಸವೆದಿದೆ’ ಎಂದು ಡಾಕ್ಟರು ಹೇಳುವುದು ಇದನ್ನೇ. ತಮಾಷೆಯೆಂದರೆ ಎಕ್ಸ್‌ರೇಯಲ್ಲಿ ಅದು ಕಾಣುವುದೇ ಇಲ್ಲ. ಮೂಳೆಗಳ ನಡುವಿನ ಸಂದು ಎಷ್ಟು ಕಿರಿದಾಗಿದೆ ಎಂದು ನೋಡಿ ಲೆಕ್ಕ ಹಾಕುತ್ತಾರೆ.

ಈ ಪದರಕ್ಕೆ ರಕ್ತನಾಳವಿಲ್ಲ, ನರವೂ ಇಲ್ಲ. ಚರ್ಮ ತರಚಿದರೆ ಹಕ್ಕಳೆ ಕಟ್ಟಿ ಮಾಯುತ್ತದೆ. ಇಲ್ಲಿ ಹರಿದದ್ದು ಹರಿದಂತೆಯೇ. ಲಂಡನ್ನಿನ ವೈದ್ಯ ವಿಲಿಯಂ ಹಂಟರ್ 1743ರಲ್ಲೇ ಇದನ್ನು ಬರೆದಿಟ್ಟಿದ್ದ. 1994ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ವೈದ್ಯರು 23 ಜನರ ಮಂಡಿಯಿಂದ ಮೃದ್ವಸ್ಥಿಯ ಚೂರು ತೆಗೆದು, ಅದರ ಕೋಶಗಳನ್ನು ಬೆಳೆಸಿ ಪದರದಲ್ಲಿ ಬಿದ್ದ ಗುಳಿಗಳಿಗೆ ತುಂಬಿದ ವರದಿ ಪ್ರಕಟಿಸಿದರು. ಪೆಟ್ಟು ಬಿದ್ದ ಎಳೆ ಮಂಡಿಗೆ ಸರಿ. ಸವೆದ ಮಂಡಿಯಲ್ಲಿ ಬಿತ್ತನೆಗಾದರೂ ಒಳ್ಳೆಯ ಕೋಶ ಎಲ್ಲಿಂದ ತರುವುದು?

ಅದೇ ಮೂಳೆಯ ಒಳಗಿಂದ. ಮಕ್ಕಳು ತಟ್ಟೆಗೆ ಬಡಿದು ಹೀರುತ್ತಾರಲ್ಲ, ಆ ಮಜ್ಜೆಯಲ್ಲಿ ಆಕರಕೋಶಗಳಿರುತ್ತವೆ (ಸ್ಟೆಮ್ ಸೆಲ್). ಸುಮಾರು ಎರಡೂವರೆ ಲಕ್ಷ ಕೋಶಗಳನ್ನು ಕೊಳವೆಯ ತಳದಲ್ಲಿ ಒತ್ತೊತ್ತಾಗಿ ಕೂರಿಸಿ, ಟಿಜಿಎಫ್-ಬೀಟಾ ಎಂಬ ಪ್ರೋಟೀನು ಉಣಿಸಿದರೆ ಮೂರು ವಾರದಲ್ಲಿ ಸಾಸಿವೆಕಾಳಿನಷ್ಟು ಮೃದ್ವಸ್ಥಿ ಕೈಗೆ ಬರುತ್ತದೆ. ಪೇಚಾಟ ಶುರುವಾಗುವುದು ಆಮೇಲೆ. ಗರ್ಭದಲ್ಲಿ ನಮ್ಮ ಕೈಕಾಲಿನ ಉದ್ದ ಮೂಳೆಗಳು ಮೊದಲು ಮೃದ್ವಸ್ಥಿಯಾಗಿದ್ದು ನಂತರ ಗಟ್ಟಿಯಾದವು. ಮಜ್ಜೆಯ ಕೋಶಗಳು ಆ ಹಳೆಯ ದಾರಿಯನ್ನು ಮರೆತಿಲ್ಲ. ಊದಿಕೊಂಡು, ಕ್ಯಾಲ್ಸಿಯಂ ಕಟ್ಟಿಕೊಂಡು ಮೂಳೆಯಾಗಲು ಹೊರಟುಬಿಡುತ್ತವೆ. ಮೂಳೆ ಅಲ್ಲಿ ಬೇಕಾದಷ್ಟಿದೆಯಲ್ಲ!

ಆದರೂ ಆಕರಕೋಶದ ಚಿಕಿತ್ಸೆಗಳು ಬಂದಿವೆ. ದಕ್ಷಿಣ ಕೊರಿಯಾ 2012ರಲ್ಲಿ ಒಪ್ಪಿಗೆ ಕೊಟ್ಟ ಕಾರ್ಟಿಸ್ಟೆಮ್ ಎಂಬ ಚಿಕಿತ್ಸೆಯಲ್ಲಿ ಹೊಕ್ಕುಳಬಳ್ಳಿ ರಕ್ತದ ಕೋಶಗಳನ್ನು ಶಸ್ತ್ರಚಿಕಿತ್ಸೆ ಮಾಡಿ ಗುಳಿಗೆ ತುಂಬುತ್ತಾರೆ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿ ಮಜ್ಜೆಯ ಕೋಶಗಳಿಂದ ತಯಾರಿಸಿದ ಮಂಡಿಯ ಚುಚ್ಚುಮದ್ದಿಗೆ 2022ರಲ್ಲಿ ಅನುಮತಿ ಸಿಕ್ಕಿತು. ಆದರೆ ಚುಚ್ಚುವುದೇ ಬೇರೆ, ಕಟ್ಟುವುದೇ ಬೇರೆ. ಚುಚ್ಚಿದ ಕೋಶಗಳು ಹೆಚ್ಚಾಗಿ ಉರಿಯೂತ ತಗ್ಗಿಸುವ ರಾಸಾಯನಿಕ ಸೂಸಿ ಕರಗಿಹೋಗುತ್ತವೆ. ಮಜ್ಜೆಯ ಈ ಕೋಶಗಳಿಗೆ 1991ರಲ್ಲಿ ‘ಮೀಸೆಂಕೈಮಲ್ ಆಕರಕೋಶ’ ಎಂದು ಹೆಸರಿಟ್ಟ ಕ್ಲೀವ್‌ಲ್ಯಾಂಡಿನ ಆರ್ನಾಲ್ಡ್ ಕ್ಯಾಪ್ಲನ್ ಅವರೇ 2017ರಲ್ಲಿ ಹೆಸರು ಬದಲಿಸಿ ಎಂದು ಬರೆದರು. 2023ರಲ್ಲಿ ಹೊರಬಂದ ಅಮೆರಿಕದ ಪರೀಕ್ಷೆಯೊಂದರಲ್ಲಿ ಮೂರು ಬಗೆಯ ಕೋಶದ ಚುಚ್ಚುಮದ್ದುಗಳೂ ವರ್ಷ ಕಳೆಯುವಾಗ ಸ್ಟೀರಾಯ್ಡ್ ಸೂಜಿಯನ್ನು ಮೀರಿಸಲಿಲ್ಲ.

ಒಳ್ಳೆಯ ಮೃದ್ವಸ್ಥಿ ಕಟ್ಟಿಕೊಟ್ಟರೂ ಅದನ್ನು ಕೂರಿಸುವುದು ಉರಿಯೂತದ ಕೀಲಿನಲ್ಲೇ. ಕಾಲು ಬಿಲ್ಲಿನಂತೆ ಬಾಗಿದ್ದರಂತೂ ಮೈಭಾರವೆಲ್ಲ ಮಂಡಿಯ ಒಳಮಗ್ಗುಲಿಗೆ ಬಿದ್ದು ಹೊಸ ಪದರವೂ ಹಳೆಯ ಜಾಗದಲ್ಲೇ ಸವೆಯುತ್ತದೆ. ಅದಕ್ಕೇ ಶಸ್ತ್ರಚಿಕಿತ್ಸಕರು ಕೆಲವೊಮ್ಮೆ ಮೊದಲು ಮೊಣಕಾಲಿನ ಕೆಳಗೆ ಮೂಳೆ ಕೊಯ್ದು ಕಾಲನ್ನು ನೆಟ್ಟಗೆ ಮಾಡುತ್ತಾರೆ, ಆಮೇಲೆ ಗುಳಿಯ ಕಡೆ ಕೈಹಾಕುತ್ತಾರೆ.