ಕ್ಲೌಡ್‌ಗೆ ಹೋಗುವ ಮುನ್ನ ಲೆಕ್ಕ ಹಾಕಿ

ಪತ್ರಿಕೆ, ಕಾಲೇಜು, ಸಂಘ-ಸಂಸ್ಥೆಗಳ ಎಷ್ಟೋ ಜಾಲತಾಣಗಳು ನಡೆಯುತ್ತಿರುವುದು 2003ರಲ್ಲಿ ಶುರುವಾದ ವರ್ಡ್‌ಪ್ರೆಸ್ ತಂತ್ರಾಂಶದ ಮೇಲೆ. ಇದರಲ್ಲಿ ಬರಹವೆಲ್ಲ ಡೇಟಾಬೇಸ್‌ನಲ್ಲಿರುತ್ತದೆ. ಓದುಗರು ಕ್ಲಿಕ್ ಮಾಡಿದಾಗಲೆಲ್ಲ ಸರ್ವರ್ ಅದನ್ನು ಹುಡುಕಿ ತೆಗೆದು ಪುಟವನ್ನು ಹೊಸದಾಗಿ ಕಟ್ಟುತ್ತದೆ. ಫಲಿತಾಂಶದ ದಿನ ಸಾವಿರಾರು ಮಂದಿ ಒಮ್ಮೆಗೇ ನುಗ್ಗಿದರೆ ತಾಣ ಮುಗ್ಗರಿಸುವುದು ಇಲ್ಲಿಯೇ. ಆದ್ದರಿಂದ ಕ್ಲೌಡ್‌ನಲ್ಲಿ ದೊಡ್ಡ ಸರ್ವರನ್ನು ಬಾಡಿಗೆಗೆ ಹಿಡಿಯುವ ಮೊದಲು, ಒಮ್ಮೆ ಕಟ್ಟಿದ ಪುಟದ ಪ್ರತಿಯನ್ನು ಇಟ್ಟುಕೊಂಡು ಎಲ್ಲರಿಗೂ ಅದನ್ನೇ ಕೊಡುವ ಕ್ಯಾಶಿಂಗ್ ವ್ಯವಸ್ಥೆ ಮಾಡಿಕೊಳ್ಳಬೇಕು. ದುಡ್ಡಿಗಿಂತ ಮೊದಲು ಬೇಕಾದದ್ದು ಯೋಜನೆ.

ಬೇಡಿಕೆಗೆ ತಕ್ಕಂತೆ ಕ್ಲೌಡ್ ತಾನೇ ಹಿಗ್ಗುತ್ತದಲ್ಲ, ಯೋಜನೆ ಯಾಕೆ ಎಂದು ಕೇಳುವವರಿದ್ದಾರೆ. ಹಿಗ್ಗುವುದು ನಿಜ, ಆದರೆ ಹಾಗೆ ಮೊದಲೇ ಅಣಿಗೊಳಿಸಿದ್ದರೆ ಮಾತ್ರ. ಜೊತೆಗೆ ಬಿಲ್ಲೂ ಹಿಗ್ಗುತ್ತದೆ. ವೆಬ್ ಸರ್ವರ್‌ಗಳು ನಾಲ್ಕಾದರೂ ಸಾಮಾನ್ಯವಾಗಿ ಅವೆಲ್ಲ ಮಾಹಿತಿ ಕೇಳುವುದು ಅದೇ ಒಂದು ಡೇಟಾಬೇಸನ್ನು; ಇಕ್ಕಟ್ಟು ಅಲ್ಲೇ ಉಳಿಯುತ್ತದೆ. ಕ್ಲೌಡ್‌ನಲ್ಲಿದ್ದರೆ ಮಾಹಿತಿ ಸುರಕ್ಷಿತ ಎಂಬ ನಂಬಿಕೆಯೂ ಅರ್ಧ ಸತ್ಯ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಹೊತ್ತಿ ಉರಿದಾಗ, ಬೇರೆಡೆ ಬ್ಯಾಕಪ್ ಇಡದಿದ್ದ ಹಲವು ಗ್ರಾಹಕರ ಮಾಹಿತಿ ಶಾಶ್ವತವಾಗಿ ಹೋಯಿತು. ಸರ್ವರ್ ಮುಂಬೈಯಲ್ಲಿದ್ದರೆ ಬ್ಯಾಕಪ್ ಹೈದರಾಬಾದಿನಲ್ಲಿರಲಿ. ಆಗಾಗ ಅದರಿಂದ ತಾಣವನ್ನು ಮರಳಿ ಕಟ್ಟಿ ಪರೀಕ್ಷಿಸಿ. ಖರ್ಚಿನ ಪಟ್ಟಿಯಲ್ಲಿ ಮೊದಲ ಸಾಲು ಬ್ಯಾಕಪ್‌ಗೇ ಸಲ್ಲಬೇಕು.