ಜವಾರಿ ದನ: ಹಾಲಿನ ಅಳತೆಗೆ ಸಿಗದ ಬೆಲೆ

ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ವ್ಯಾಪಾರ ವಹಿವಾಟು ಬಹುಮಟ್ಟಿಗೆ ಕೃಷಿಯನ್ನೇ ಆಶ್ರಯಿಸಿದೆ. ರೈತನ ಕೈಯಲ್ಲಿ ಹಣವಿದ್ದರೆ ಪೇಟೆ ನಡೆಯುತ್ತದೆ. ಮಳೆ ಕೈಕೊಟ್ಟರೆ ಅಂಗಡಿಯ ಉದ್ರಿ ಬೆಳೆಯುತ್ತದೆ. ಆದುದರಿಂದ ರೈತನ ಖರ್ಚನ್ನೂ ನಷ್ಟದ ಭಯವನ್ನೂ ತಗ್ಗಿಸುವ ಸಾಧನ ಯಾವುದೇ ಇರಲಿ, ಅದು ವರ್ತಕರಿಗೂ ಸಂಬಂಧಿಸಿದ್ದೇ ಆಗಿದೆ. ಜವಾರಿ ದನ ಅಂತಹ ಒಂದು ಸಾಧನ.

ಪ್ರಾಚೀನ ನಂಟು

ಈ ನಾಡಿಗೂ ದನಕ್ಕೂ ಇರುವ ನಂಟು ಅತಿ ಪ್ರಾಚೀನವಾದುದು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿಗೆ ಸಮೀಪದ ಪಿಕ್ಲಿಹಾಳದಲ್ಲಿ ಪುರಾತತ್ತ್ವಜ್ಞ ಎಫ್. ಆರ್. ಆಲ್ಚಿನ್ ಅವರು 1952ರಲ್ಲಿ ಉತ್ಖನನ ನಡೆಸಿದಾಗ, ನವಶಿಲಾಯುಗದ ಜನರು ಇಲ್ಲಿ ದನ ಸಾಕಿ ಬಾಳಿದ್ದರೆಂಬುದಕ್ಕೆ ಸಾಕ್ಷ್ಯಗಳು ದೊರೆತವು. ಅಲ್ಲಿನ ಬಂಡೆಗಳ ಮೇಲೆ ದನಗಳ ಚಿತ್ರಗಳು ಇಂದಿಗೂ ಇವೆ.

ತಾಳಿಕೆಯ ಗುಟ್ಟು

ಬೇಸಿಗೆಯಲ್ಲಿ ಇಲ್ಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಡುಬ್ಬವುಳ್ಳ ಭಾರತೀಯ ದನಗಳ ಸಡಿಲ ಚರ್ಮ, ಗಿಡ್ಡ ಕೂದಲು ಹಾಗೂ ದೊಡ್ಡ ಬೆವರು ಗ್ರಂಥಿಗಳು ಮೈಯ ಕಾವನ್ನು ಬೇಗ ಹೊರಹಾಕುತ್ತವೆ. ಉಣ್ಣೆಯ ಬಾಧೆಯನ್ನು ಇವು ಹೆಚ್ಚು ತಡೆದುಕೊಳ್ಳುತ್ತವೆ. ಜೋಳದ ಕಣಿಕೆ, ಭತ್ತದ ಹುಲ್ಲಿನಂತಹ ಸತ್ವ ಕಡಿಮೆಯಿರುವ ಮೇವಿನಲ್ಲಿಯೂ ಜೀವ ಹಿಡಿಯುತ್ತವೆ. ಹಾಲಿನ ಪ್ರಮಾಣದಲ್ಲಿ ಇವು ಜರ್ಸಿ, ಹೋಲ್‌ಸ್ಟೀನ್ ಮಿಶ್ರತಳಿಗಳಿಗೆ ಸಮನಲ್ಲವೆಂಬುದು ನಿಜ. ಆದರೆ ಮಿಶ್ರತಳಿಗೆ ಹಸಿಮೇವು, ನೆರಳು, ಹಿಂಡಿ ಮತ್ತು ಸಕಾಲದ ಚಿಕಿತ್ಸೆ ಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಹಾಲು ಇಳಿಯುತ್ತದೆ, ಸಾಲದ ಕಂತು ಮಾತ್ರ ಇಳಿಯುವುದಿಲ್ಲ.

ಕೃಷ್ಣಾ ಕಣಿವೆ ತಳಿಯ ಪಾಠ

ಸಾಂಗ್ಲಿ ಮುಂತಾದ ದಕ್ಷಿಣ ಮರಾಠಾ ಸಂಸ್ಥಾನಗಳ ಅರಸರು 19ನೇ ಶತಮಾನದ ಉತ್ತರಾರ್ಧದಲ್ಲಿ ಗೀರ್, ಓಂಗೋಲ್, ಕಾಂಕ್ರೇಜ್ ಮತ್ತು ಸ್ಥಳೀಯ ದನಗಳನ್ನು ಬೆರೆಸಿ ಕೃಷ್ಣಾ ಕಣಿವೆ ತಳಿಯನ್ನು ಬೆಳೆಸಿದರು. ಅಂಟು ಎರೆಮಣ್ಣಿನಲ್ಲಿ ನಿಧಾನವಾಗಿ, ಬಲವಾಗಿ ಎಳೆಯುವುದು ಇದರ ಕೆಲಸ. ಗೊರಸು ಮೆದುವಾದುದರಿಂದ ಎರೆಭೂಮಿಗೆ ಒಗ್ಗಿತು, ಗಟ್ಟಿ ರಸ್ತೆಗೆ ಒಗ್ಗಲಿಲ್ಲ. ರಸ್ತೆಯ ಓಟಕ್ಕೆ ಗಟ್ಟಿ ಗೊರಸಿನ ಕಿಲಾರಿಯೇ ಮೇಲಾಯಿತು. ಮುಂದೆ ಟ್ರ್ಯಾಕ್ಟರ್ ಬಂದು ಉಳುಮೆಯೂ ಕೈತಪ್ಪಿದಾಗ, ಒಂದೇ ಕಸುಬನ್ನು ನಂಬಿದ್ದ ಈ ತಳಿ ಅಳಿವಿನ ಅಂಚಿಗೆ ಸರಿಯಿತು. ಗಿರಾಕಿಯಿಲ್ಲದ ಸರಕಿನ ಗತಿ ಏನೆಂಬುದನ್ನು ವರ್ತಕರಿಗೆ ಹೇಳಬೇಕಿಲ್ಲ. ದೇಶದಲ್ಲಿ 2012ರಿಂದ 2019ರ ಜಾನುವಾರು ಗಣತಿಯ ವೇಳೆಗೆ ದೇಶಿ ದನಗಳ ಸಂಖ್ಯೆ ಸುಮಾರು ಶೇ. 6ರಷ್ಟು ಕುಸಿಯಿತು.

ಹೊರನಾಡಿನ ಅನುಭವ

ಪಶ್ಚಿಮ ಆಫ್ರಿಕದಲ್ಲಿ ಟ್ಸೆಟ್ಸೆ ನೊಣ ಹರಡುವ ರೋಗದಿಂದ ಹೊರಗಿನ ದನಗಳು ಸಾಯುವ ಸೀಮೆಯಲ್ಲಿ, ಗಿಡ್ಡ ಮೈಯ ಎನ್‌ಡಾಮಾ ತಳಿ ಬದುಕಿ ದುಡಿಯುತ್ತದೆ. ಹೆಚ್ಚು ಹಾಲು ಕೊಡದಿದ್ದರೂ ಅಲ್ಲಿ ಅದೇ ಬೆಲೆಬಾಳುವ ದನ. ಅಮೆರಿಕದ ಬ್ರಾಹ್ಮನ್ ತಳಿಯಲ್ಲಿ ಗೀರ್, ಕಾಂಕ್ರೇಜ್, ಓಂಗೋಲ್ ರಕ್ತದೊಡನೆ ಕೃಷ್ಣಾ ಕಣಿವೆಯ ರಕ್ತವೂ ಸೇರಿದೆ. ಬ್ರೆಜಿಲ್‌ನ ನೆಲೋರ್ ತಳಿಯ ಮೂಲ ನೆರೆಯ ಆಂಧ್ರದ ಓಂಗೋಲ್. ತವರಿನಲ್ಲಿ ಕಡೆಗಣಿಸಲ್ಪಟ್ಟ ದನ ಹೊರನಾಡಿನಲ್ಲಿ ದೊಡ್ಡ ಉದ್ಯಮಕ್ಕೆ ಆಧಾರವಾಯಿತೆಂಬುದು ಗಮನಾರ್ಹ.

ಎಲ್ಲಿ ಯಾವುದು ಸೂಕ್ತ?

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಸಿಂಧನೂರಿನ ಭತ್ತದ ಸೀಮೆಯಲ್ಲಿ ಟ್ರ್ಯಾಕ್ಟರ್ ಮತ್ತು ಎಮ್ಮೆ, ಹಸಿಮೇವಿದ್ದಲ್ಲಿ ಮಿಶ್ರತಳಿ, ಲಾಭದಾಯಕವಾಗಿರಬಹುದು. ಲಿಂಗಸುಗೂರು, ಮಸ್ಕಿಗಳ ಮಳೆಯಾಶ್ರಿತ ಹೊಲಗಳ ಲೆಕ್ಕವೇ ಬೇರೆ. ಹತ್ತಿ, ತೊಗರಿ, ಜೋಳದ ಸಾಲುಗಳ ನಡುವೆ ಎಡೆ ಹೊಡೆಯಲು ಜೋಡೆತ್ತಿಗೆ ಸಾಟಿಯಾದ ಅಗ್ಗದ ಸಾಧನ ಸಣ್ಣ ಹಿಡುವಳಿದಾರನಿಗೆ ಇಂದಿಗೂ ವಿರಳ. ಎತ್ತು ಡೀಸೆಲ್ ಬೇಡುವುದಿಲ್ಲ, ಗೊಬ್ಬರ ಕೊಡುತ್ತದೆ, ಆಪತ್ತಿಗೆ ಸಂತೆಯಲ್ಲಿ ನಗದಾಗುತ್ತದೆ.

ಪೇಟೆಯ ಪಾಲು

ತಳಿ ಉಳಿಸಲು ಕೇಂದ್ರ ಸರ್ಕಾರವು 2014ರಲ್ಲಿ ರಾಷ್ಟ್ರೀಯ ಗೋಕುಲ ಮಿಷನ್ ಆರಂಭಿಸಿತು. ಆದರೆ ಕೇವಲ ಯೋಜನೆಯಿಂದ ತಳಿ ಉಳಿಯದು, ಸಾಕುವವನಿಗೆ ಗಿಟ್ಟಬೇಕು. ಸಿಂಧನೂರಿನ ಗದ್ದೆಗಳಲ್ಲಿ ಕಟಾವು ಯಂತ್ರ ಬಿಟ್ಟುಹೋದ ಹುಲ್ಲನ್ನು ಯಂತ್ರದಿಂದ ಪೆಂಡಿ ಕಟ್ಟಿ ಒಣಭೂಮಿಯ ಊರುಗಳಿಗೆ ಮಾರುವುದು, ಅಕ್ಕಿ ಗಿರಣಿಯ ತೌಡಿಗೆ ಹಿಂಡಿ ಬೆರೆಸಿ ಅಗ್ಗದ ಪಶು ಆಹಾರ ತಯಾರಿಸುವುದು, ಹಗುರವಾದ ಎಡೆಕುಂಟೆ, ಕೂರಿಗೆಗಳನ್ನು ತಯಾರಿಸುವುದು, ತಿಪ್ಪೆಗೊಬ್ಬರವನ್ನು ಕಳಿಸಿ ಚೀಲ ತುಂಬಿ ತೋಟಗಾರರಿಗೆ ಒದಗಿಸುವುದು: ಇವೆಲ್ಲ ಸಣ್ಣ ಬಂಡವಾಳದ ಉದ್ಯಮಗಳೇ. ಇವುಗಳಿಂದ ಮೇವು ಅಗ್ಗವಾಗುತ್ತದೆ, ಗೊಬ್ಬರಕ್ಕೆ ಬೆಲೆ ಬರುತ್ತದೆ, ಎತ್ತಿನ ದುಡಿಮೆಯ ದಿನಗಳು ಹೆಚ್ಚುತ್ತವೆ.

ಕೃಷ್ಣಾ ಕಣಿವೆ ತಳಿಗೆ ಒಂದೇ ಕಸುಬಿತ್ತು. ಅದು ಹೋದಾಗ ತಳಿಯೂ ಹೋಗುವಂತಾಯಿತು. ಉಳಿದ ಜವಾರಿ ದನಕ್ಕೆ ನಾಲ್ಕು ಆದಾಯದ ದಾರಿಗಳನ್ನು ತೆರೆದರೆ ಅದು ಉಳಿಯುತ್ತದೆ; ಮಳೆ ತಪ್ಪಿದ ವರ್ಷ ರೈತನನ್ನೂ, ಅವನ ಮೂಲಕ ಪೇಟೆಯನ್ನೂ ಉಳಿಸುತ್ತದೆ.